ಧಪ್ ಅನ್ನುವ ಬಾಗಿಲು

ನಾಗರಾಜ ಸೆಕೆಂಡ್ ಹ್ಯಾಂಡ್ ಕಾರು ತೆಗೆದುಕೊಳ್ಳುವ ಸುದ್ದಿ ಹೇಳಿದ್ದು ಭಾನುವಾರ ಬೆಳಿಗ್ಗೆ, ದರ್ಶಿನಿಯ ಮುಂದಿನ ಕಲ್ಲುಬೆಂಚಿನ ಮೇಲೆ. ನಾಲ್ಕು ಜನ, ಎರಡು ಬೈಟು ಕಾಫಿ.

“2012ರ ಪೋಲೊ. ಡೀಸೆಲ್. ನಿನ್ನೆ ಸಂಜೆ ನೋಡಿಕೊಂಡು ಬಂದೆ,” ಅಂದ.

“ಓಡಿಸಿ ನೋಡಿದೆಯಾ?” ಅಂತ ಕೇಳಿದೆ.

“ಇಲ್ಲ. ಬಾಗಿಲು ಹಾಕಿ ನೋಡಿದೆ.”

ನಾವು ಮೂವರೂ ಲೋಟ ಕೆಳಗಿಟ್ಟೆವು.

“ಧಪ್ ಅಂತು ಕಣ್ರೋ! ನನ್ನ ಹಳೇ ಕಾರಿನ ಬಾಗಿಲು ಹಾಕಿದರೆ ಬಿಸ್ಕತ್ ಡಬ್ಬದ ಮುಚ್ಚಳ ಒತ್ತಿದ ಹಾಗಿರುತ್ತೆ. ಇದು ಬ್ಯಾಂಕಿನ ಲಾಕರ್ ಮುಚ್ಚಿದ ಹಾಗೆ. ಜರ್ಮನ್ ಗಾಡಿ ಅಂದರೆ ಸುಮ್ನೆ ಅಲ್ಲ.”

“ಪೋಲೊ ಯಾರದ್ದು, ವೋಕ್ಸ್‌ವ್ಯಾಗನ್ ಅಲ್ವಾ?” ಅಂದ ಸೀನ.

“ಫೋಕ್ಸ್‌ವಾಗನ್,” ಅಂತ ತಿದ್ದಿದರು ಮೇಷ್ಟ್ರು. ಮೇಷ್ಟ್ರು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿ ರಿಟೈರ್ ಆದವರು. ಮಗಳು ಜರ್ಮನಿಯಲ್ಲಿದ್ದಾಳೆ. ಎರಡು ಸಲ ಹೋಗಿ ಬಂದಿದ್ದಾರೆ, ಆ ಎರಡು ಸಲವನ್ನು ನಾವು ಇನ್ನೂರು ಸಲ ಕೇಳಿದ್ದೇವೆ. “ಫೋಕ್ ಅಂದರೆ ಜನ. ವಾಗನ್ ಅಂದರೆ ಗಾಡಿ. ಒಟ್ಟು ಜನರ ಗಾಡಿ.”

“ಹಾಗಾದರೆ ಬಿಎಂಟಿಸಿ ಅನ್ನಿ,” ಅಂದ ಸೀನ.

“ತಮಾಷೆ ಅಲ್ಲಪ್ಪ. ಆ ಹೆಸರಿನ ಹಿಂದೆ ಒಂದು ಚೀಟಿ ವ್ಯವಹಾರ ಇದೆ.”

ಚೀಟಿ ಅಂದ ಕೂಡಲೇ ಸೀನ ನೆಟ್ಟಗೆ ಕೂತ. ಅವನು ಒಮ್ಮೆ ಚೀಟಿಯಲ್ಲಿ ದುಡ್ಡು ಕಳೆದುಕೊಂಡವನು. ನಡೆಸುತ್ತಿದ್ದವರ ಹೆಸರು ಮಾತ್ರ ಇವತ್ತಿಗೂ ಬಾಯಿ ಬಿಡುವುದಿಲ್ಲ. ಹೆಂಡತಿ ಕಡೆಯ ನೆಂಟರು ಅಂತ ನಮ್ಮ ಅನುಮಾನ.

ಮೇಷ್ಟ್ರು ಶುರು ಮಾಡಿದರು. ಜನಸಾಮಾನ್ಯರಿಗೆ ಅಗ್ಗದ ಕಾರು ಬೇಕು ಅಂತ ಹಿಟ್ಲರ್ ಹಟ ಹಿಡಿದ. ವಿನ್ಯಾಸದ ಕೆಲಸ 1934ರಲ್ಲಿ ಫರ್ಡಿನಾಂಡ್ ಪೋರ್ಶೆ ಕೈಗೆ ಬಂತು. 1938ರ ಮೇ ತಿಂಗಳಲ್ಲಿ ಹಿಟ್ಲರನೇ ಹೋಗಿ ಫ್ಯಾಕ್ಟರಿಗೆ ಅಡಿಗಲ್ಲು ಹಾಕಿದ. ಕಾರಿನ ಬೆಲೆ 990 ಮಾರ್ಕ್. ಅಷ್ಟು ದುಡ್ಡು ಒಟ್ಟಿಗೆ ಯಾರ ಹತ್ತಿರ ಇತ್ತು? ಅದಕ್ಕೇ ಉಳಿತಾಯದ ಪುಸ್ತಕ ಕೊಟ್ಟರು. ವಾರಕ್ಕೆ 5 ಮಾರ್ಕ್ ಕಟ್ಟಿ ಒಂದು ಸ್ಟ್ಯಾಂಪ್ ಅಂಟಿಸುವುದು. ಪುಸ್ತಕ ತುಂಬಿದರೆ ಕಾರು.

“ಅಂದರೆ 198 ವಾರ,” ಅಂತ ನಾಗ ಬೆರಳು ಮಡಚಿ ಲೆಕ್ಕ ಹಾಕಿದ. “ನಾಲ್ಕು ವರ್ಷಕ್ಕೆ ಕಾರು. ಪರವಾಗಿಲ್ಲ.”

“ಸುಮಾರು 3,36,000 ಜನ ಸೇರಿದರು.”

“ಕಾರು ಎಷ್ಟು ಜನಕ್ಕೆ ಸಿಕ್ಕಿತು?”

“ಒಬ್ಬರಿಗೂ ಇಲ್ಲ.”

ಸೀನನ ಮುಖದಲ್ಲಿ ಆಗ ಕಂಡದ್ದು ದುಃಖ ಅಲ್ಲ, ಸಮಾಧಾನ. ಇಷ್ಟು ದೊಡ್ಡ ಜರ್ಮನಿಯಲ್ಲೂ ನನ್ನಂಥವರು ಮೂರು ಲಕ್ಷ ಇದ್ದರಲ್ಲ ಅನ್ನುವ ಸಮಾಧಾನ. ಯುದ್ಧ ಶುರುವಾಯಿತು, ದುಡ್ಡು ಮುಳುಗಿತು. ಪುಸ್ತಕ ಇಟ್ಟುಕೊಂಡಿದ್ದ ಜನ ಸುಮ್ಮನಿರದೆ ವರ್ಷಗಟ್ಟಲೆ ಕೋರ್ಟಿಗೆ ಅಲೆದರು. 1961ರಲ್ಲಿ ರಾಜಿ ಆಯಿತು. ಹೊಸ ಕಾರು ತೆಗೆದುಕೊಂಡರೆ 600 ಮಾರ್ಕ್‌ವರೆಗೆ ರಿಯಾಯಿತಿ, ಬೇಡ ಅಂದರೆ ಕೈಗೆ 100 ಮಾರ್ಕ್.

“ಏನೋ ಸಿಕ್ಕಿತಲ್ಲ. ನನಗೆ ಒಂದು ಸ್ಟೀಲ್ ತಟ್ಟೆ ಕೊಟ್ಟರು,” ಅಂದ ಸೀನ.

ಯುದ್ಧಕಾಲದ ಮಾತು ಬಂದಾಗ ಮಾತ್ರ ಮೇಷ್ಟ್ರ ದನಿ ಇಳಿಯಿತು. ಆ ಫ್ಯಾಕ್ಟರಿಯಿಂದ ಆಗ ಹೊರಬಂದದ್ದು ಸೈನ್ಯದ ಗಾಡಿ. ಬೇರೆ ದೇಶಗಳಿಂದ ಬಲವಂತವಾಗಿ ತಂದವರು, ಯುದ್ಧಕೈದಿಗಳು, ಕಾನ್ಸಂಟ್ರೇಷನ್ ಕ್ಯಾಂಪಿನವರು, ಎಲ್ಲ ಸೇರಿ ಸುಮಾರು 20,000 ಜನರನ್ನು ಅಲ್ಲಿ ದುಡಿಸಿದರು. ಅವರಿಗಾಗಿ ಕಂಪನಿ ನಿಧಿ ಇಟ್ಟದ್ದು 1998ರಲ್ಲಿ. ಅಷ್ಟು ಹೊತ್ತಿಗೆ ಉಳಿದವರು ಎಷ್ಟು ಜನ ಇದ್ದಾರು?

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ದರ್ಶಿನಿಯ ಹುಡುಗ ಬಂದು ಲೋಟ ಎತ್ತಿಕೊಂಡು ಹೋದ.

“ಊರಿನ ಹೆಸರು ಹೇಳಲಿಲ್ಲ,” ಅಂತ ನಾನೇ ಮಾತು ಎಳೆದೆ.

“ವುಲ್ಫ್ಸ್‌ಬರ್ಗ್. ಅದು 1945ರಲ್ಲಿ ಬಂದ ಹೆಸರು. ಕಾರಿಗೆ ಆಗ ನಾಜಿಗಳ ಒಂದು ಸಂಘಟನೆಯ ಹೆಸರಿಟ್ಟಿದ್ದರು, ‘ಖುಷಿಯಿಂದ ಶಕ್ತಿ’ ಅಂತ. ಊರಿನ ಮೊದಲಿನ ಹೆಸರು ಕನ್ನಡದಲ್ಲಿ ಹೇಳಿದರೆ, ‘ಫಾಲರ್ಸ್‌ಲೇಬೆನ್ ಹತ್ತಿರದ ಖುಷಿಯಿಂದ ಶಕ್ತಿ ಗಾಡಿಯ ಊರು’.”

“ಬಸ್ಸಿಗೆ ಬೋರ್ಡ್ ಬರೆಯುವವನ ಗತಿ!” ಅಂದ ಸೀನ.

ಯುದ್ಧ ಮುಗಿದಾಗ ಆ ಊರು ಇಂಗ್ಲಿಷರ ಪಾಲಿಗೆ ಬಂತು. ಬಾಂಬ್ ಬಿದ್ದು ಸೂರು ಹಾರಿದ್ದ ಫ್ಯಾಕ್ಟರಿಯನ್ನು ನೋಡಿಕೊಳ್ಳಲು ಬಂದವನು ಐವನ್ ಹರ್ಸ್ಟ್ ಅನ್ನುವ ಮೇಜರ್. ಆ ಜನರ ಗಾಡಿಗೇ ಆಮೇಲೆ ಬೀಟಲ್ ಅನ್ನುವ ಹೆಸರು ಬಂದದ್ದು. ಅವನು ಅಂಥ ಒಂದು ಬೀಟಲ್‌ಗೆ ಸೈನ್ಯದ ಬಣ್ಣ ಬಳಿಸಿ ಮೇಲಧಿಕಾರಿಗಳ ಮುಂದೆ ನಿಲ್ಲಿಸಿದ. ಅವರಿಗೂ ಓಡಾಡಲು ಗಾಡಿ ಬೇಕಿತ್ತು, 20,000 ಕಾರಿಗೆ ಆರ್ಡರ್ ಕೊಟ್ಟರು. ಬೀಟಲ್ ಬದುಕಿದ್ದು ಹಾಗೆ. ಆದರೆ ಕಂಪನಿಯನ್ನು ತಗೊಳ್ಳಿ ಅಂದರೆ ಇಂಗ್ಲೆಂಡಿನ ಕಾರು ಕಂಪನಿಗಳು ಒಲ್ಲೆ ಅಂದವು. ಸಾಮಾನ್ಯ ಗಿರಾಕಿಗೆ ಹಿಡಿಸುವ ಗಾಡಿಯೇ ಅಲ್ಲ ಅಂತ ವರದಿ ಬರೆದರು. ನೋಡೋಕೆ ಚೆನ್ನಾಗಿಲ್ಲ, ಸದ್ದು ಜಾಸ್ತಿ ಅಂತಲೂ ಕೊಂಕು ತೆಗೆದರಂತೆ. ಅಮೆರಿಕದ ಫೋರ್ಡ್‌ನವರೂ ಬೇಡ ಅಂದರು.

ಸೀನ ಈಗ ಮಗಳಿಗೆ ಗಂಡು ಹುಡುಕುತ್ತಿದ್ದಾನೆ. ಹಾಗಾಗಿ ಅವನಿಗೆ ಇಡೀ ಪ್ರಪಂಚ ಹೆಣ್ಣು ನೋಡುವ ಶಾಸ್ತ್ರದ ಹಾಗೆ ಕಾಣುತ್ತದೆ. “ಬಂದವರೆಲ್ಲ ಕೇಸರಿಬಾತ್ ತಿಂದು, ಊರಿಗೆ ಹೋಗಿ ತಿಳಿಸ್ತೇವೆ ಅಂತ ಎದ್ದು ಹೋದರು ಅನ್ನಿ.”

“ಹೋದವರು ಆಮೇಲೆ ಕೈ ಕೈ ಹಿಸುಕಿಕೊಂಡರು,” ಅಂದರು ಮೇಷ್ಟ್ರು. “1972ರ ಫೆಬ್ರವರಿ 17ಕ್ಕೆ 1,50,07,034ನೇ ಬೀಟಲ್ ಹೊರಬಂತು. ಅತಿ ಹೆಚ್ಚು ತಯಾರಾದ ಕಾರು ಅನ್ನುವ, ಫೋರ್ಡ್ ಕಂಪನಿಯ ಮಾಡೆಲ್ ಟಿ ದಾಖಲೆ ಅವತ್ತು ಮುರಿಯಿತು.”

ಬೀಟಲ್ ಕಾರಿನ ತಲೆಕೆಳಗು ಸಂಸಾರ ನನಗೆ ಬಹಳ ಇಷ್ಟ. ಎಂಜಿನ್ ಹಿಂದೆ, ಡಿಕ್ಕಿ ಮುಂದೆ. ರೇಡಿಯೇಟರ್ ಇಲ್ಲ, ಗಾಳಿಯಿಂದಲೇ ತಣಿಯುವ ಎಂಜಿನ್. ಶುರುವಿನ ಗಾಡಿಗಳಲ್ಲಿ ಪೆಟ್ರೋಲ್ ಎಷ್ಟಿದೆ ಅಂತ ತೋರಿಸುವ ಮುಳ್ಳೇ ಇರಲಿಲ್ಲ. ಗಾಡಿ ಕೆಮ್ಮಿದರೆ ಕಾಲಿನಿಂದ ಒಂದು ಲಿವರ್ ಒದ್ದು ರಿಸರ್ವ್‌ಗೆ ಹಾಕಬೇಕು, ನಮ್ಮ ಹಳೇ ಸ್ಕೂಟರಿನ ಹಾಗೆ. ಇನ್ನೊಂದು ಕೇಳಿ. ಮುಂದಿನ ಗಾಜಿಗೆ ನೀರು ಚಿಮ್ಮಿಸಲು ಬೇಕಾದ ಗಾಳಿ ಎಲ್ಲಿಂದ ಬರುತ್ತಿತ್ತು? ಸ್ಟೆಪ್ನಿಯಿಂದ!

“ಅಂದರೆ ಗಾಜು ತೊಳೆದಷ್ಟೂ ಸ್ಟೆಪ್ನಿ ಸೊರಗುತ್ತೆ,” ಅಂದ ನಾಗ.

“ಪೂರ್ತಿ ಸೊರಗದಂತೆ ವಾಲ್ವ್ ಇತ್ತು ಬಿಡು. ಅವರು ಜರ್ಮನ್ನರು.”

ಇದನ್ನು ಅಮೆರಿಕದಲ್ಲಿ ಮಾರಿದ್ದು ಇನ್ನೊಂದು ಕಥೆ. ಅಲ್ಲಿ ಕಾರು ಅಂದರೆ ಮದುವೆ ಛತ್ರದಷ್ಟು ಉದ್ದ ಇರಬೇಕು ಅನ್ನುವ ಕಾಲ. ಜಾಹೀರಾತಿನ ಕೆಲಸ ಸಿಕ್ಕಿದ್ದು ನ್ಯೂಯಾರ್ಕಿನ ಡಾಯ್ಲ್ ಡೇನ್ ಬರ್ನ್‌ಬಾಕ್ ಕಂಪನಿಗೆ. ಅದರ ತಲೆಯಾಳು ಬಿಲ್ ಬರ್ನ್‌ಬಾಕ್ ಯಹೂದಿ. ಹಿಟ್ಲರ್ ಮಾಡಿಸಿದ ಕಾರನ್ನು ಯಹೂದಿಯೊಬ್ಬರ ಕಂಪನಿ ಮಾರಿಕೊಟ್ಟಿತು! 1959ರ ಜಾಹೀರಾತು ನೋಡಿದ್ದೀರಾ? ಇಡೀ ಪುಟ ಖಾಲಿ, ಮೂಲೆಯಲ್ಲಿ ಇರುವೆಯಷ್ಟು ಕಾರು. ಸಣ್ಣದಾಗಿ ಯೋಚಿಸಿ ಅಂತ ಸಾಲು. ಆಮೇಲೆ ಬಂದ ಇನ್ನೊಂದರಲ್ಲಿ ಕಾರಿನ ಚಿತ್ರ, ಕೆಳಗೆ ಒಂದೇ ಪದ: ಲೆಮನ್.

“ನಿಂಬೆಹಣ್ಣಾ? ಚಕ್ರದ ಕೆಳಗೆ ಇಟ್ಟಿದ್ದರಾ?” ಅಂತ ಸೀನ ಕೇಳಿದ.

ಅಲ್ಲಿ ಕೆಟ್ಟ ಗಾಡಿಗೆ ನಿಂಬೆಹಣ್ಣು ಅನ್ನುತ್ತಾರೆ ಅಂತ ಅವನಿಗೆ ವಿವರಿಸುವುದರೊಳಗೆ ಇನ್ನೆರಡು ಬೈಟು ಬಂತು. ಡ್ಯಾಶ್‌ಬೋರ್ಡಿನ ಗೂಡಿನ ಮೇಲಿನ ಕ್ರೋಮ್ ಪಟ್ಟಿಯಲ್ಲಿ ಕಲೆ ಇತ್ತು, ಅದಕ್ಕೇ ಈ ಕಾರನ್ನು ನಮ್ಮ ಇನ್‌ಸ್ಪೆಕ್ಟರ್ ವಾಪಸ್ ಕಳಿಸಿದ, ನಿಮಗೆ ಕೊಡಲಿಲ್ಲ. ಅಷ್ಟೇ ಆ ಜಾಹೀರಾತು. ನಾವು ಪ್ರಾಮಾಣಿಕರು ಅಂತ ಎಲ್ಲೂ ಬಾಯಿಬಿಟ್ಟು ಹೇಳಿಲ್ಲ. ಓದಿದವನೇ ಅಂದುಕೊಳ್ಳಬೇಕು. ಈ ಕ್ರೋಮ್ ಪಟ್ಟಿಯನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಆಮೇಲೆ 1974ರಲ್ಲಿ ಗಾಲ್ಫ್ ಅನ್ನುವ ಕಾರು ಬಂತು, ಮರುವರ್ಷ ಪೋಲೊ. ಹಳೇ ಬೀಟಲ್ ಮಾತ್ರ ಮೆಕ್ಸಿಕೋದಲ್ಲಿ 2003ರ ಜುಲೈ 30ರವರೆಗೂ ತಯಾರಾಗುತ್ತಿತ್ತು. ಕೊನೆಯದರ ನಂಬರ್ 2,15,29,464. ವಾದ್ಯ ಊದಿಸಿ ಕಳಿಸಿಕೊಟ್ಟರು.

“ಆ ಕಂಪನಿ ಸಾಸೇಜ್ ಕೂಡ ಮಾಡುತ್ತೆ, ಗೊತ್ತಾ?” ಅಂದರು ಮೇಷ್ಟ್ರು.

ಸಸ್ಯಾಹಾರಿ ಮೇಷ್ಟ್ರ ಬಾಯಲ್ಲಿ ಸಾಸೇಜ್ ಅನ್ನುವ ಮಾತು ಕೇಳಿ ನಾವೇ ನಾಚಿಕೊಂಡೆವು. ನಿಜವೇ. ವುಲ್ಫ್ಸ್‌ಬರ್ಗ್ ಫ್ಯಾಕ್ಟರಿಯಲ್ಲಿ 1973ರಿಂದ ಕರಿವುರ್ಸ್ಟ್ ಅನ್ನುವ ಮಾಂಸದ ತಿಂಡಿ ತಯಾರಾಗುತ್ತದೆ. ಅದಕ್ಕೂ ಕಾರಿನ ಬಿಡಿಭಾಗದ ಹಾಗೇ ಪಾರ್ಟ್ ನಂಬರ್ ಇದೆ: 199 398 500 ಎ. ಕೆಲವು ವರ್ಷ ಈ ಹೆಸರಿನ ಕಾರಿಗಿಂತ ಸಾಸೇಜೇ ಜಾಸ್ತಿ ಖರ್ಚಾಗಿದೆ.

“ನಾಳೆ ಬಿಡಿಭಾಗ ತರಿಸುವಾಗ ನಂಬರ್ ಸರಿಯಾಗಿ ಬರಿ ನಾಗ. ಕ್ಲಚ್ ಪ್ಲೇಟ್ ಬದಲು ಅದು ಬಂದೀತು,” ಅಂದ ಸೀನ.

ನಾಗನಿಗೆ ಇದು ಯಾವುದೂ ಬೇಕಿರಲಿಲ್ಲ. “ನನಗೆ ಈ ಕಂಪನಿ ಹುಚ್ಚು ಹಿಡಿದದ್ದೇ ಆ ಪೇಪರಿನಿಂದ,” ಅಂದ.

2010ರ ಸೆಪ್ಟೆಂಬರ್. ಬೆಳಿಗ್ಗೆ ಇಂಗ್ಲಿಷ್ ಪೇಪರ್ ಬಿಡಿಸಿದರೆ ಪೇಪರೇ ಮಾತಾಡಿತು. ವೆಂಟೊ ಕಾರಿನ ಜಾಹೀರಾತು. ಪುಟದ ಹಿಂದೆ ಕಾಸಿನಷ್ಟು ಕರಿ ಡಬ್ಬಿ ಅಂಟಿಸಿದ್ದರು. ಬೆಳಕು ಬಿದ್ದರೆ ಜರ್ಮನ್ ಎಂಜಿನಿಯರಿಂಗ್ ಅಂತ ಶುರು ಮಾಡುತ್ತಿತ್ತು. ಮುಚ್ಚಿದರೆ ಬಾಯಿ ಮುಚ್ಚುತ್ತಿತ್ತು. ಮುಂಬೈನಲ್ಲಿ ಕಸದ ಡಬ್ಬಿಯೊಳಗಿಂದ ಬಂದ ಸದ್ದಿಗೆ ಬಾಂಬ್ ಅಂತ ಗಾಬರಿಯಾದವರೂ ಇದ್ದರು. ನಾಗನ ಅಜ್ಜಿ ಅದಕ್ಕೆ ಕುಂಕುಮ ಹಚ್ಚಿ ದೇವರ ಗೂಡಿನ ಪಕ್ಕ ಇಟ್ಟರಂತೆ. ದೀಪ ಹಚ್ಚಿದಾಗಲೆಲ್ಲ ಮಂಗಳಾರತಿಗೆ ಮೊದಲು ಕಾರಿನ ಗುಣಗಾನ. ಮೂರನೇ ದಿನ ಬ್ಯಾಟರಿ ಸತ್ತಿತು.

“ನೋಡು, ಈ ಕಂಪನಿಯ ಹೆಸರೆಲ್ಲ ಸದ್ದಿನ ಮೇಲೇ ನಿಂತಿದೆ,” ಅಂದೆ. “2011ರ ಫ್ರಾಂಕ್‌ಫರ್ಟ್ ಕಾರು ಮೇಳದ ವಿಡಿಯೋ ಒಂದಿದೆ. ಕಂಪನಿಯ ದೊಡ್ಡ ಸಾಹೇಬರು ಮಾರ್ಟಿನ್ ವಿಂಟರ್‌ಕಾರ್ನ್ ಕೊರಿಯಾದ ಹ್ಯುಂಡೈ ಕಾರಿನಲ್ಲಿ ಕೂತು ಸ್ಟೀರಿಂಗ್ ಮೇಲೆ ಕೆಳಗೆ ಮಾಡುತ್ತಾರೆ. ಟಕ್ ಅಂತ ಸದ್ದೇ ಬರಲ್ಲ. ಮುಖ ಸಿಂಡರಿಸುತ್ತೆ. ತಮ್ಮ ವಿನ್ಯಾಸದ ಮುಖ್ಯಸ್ಥರನ್ನು ಕೂಗಿ ಕರೆದು, ಇವರಿಗೆ ಆಗುತ್ತೆ, ನಮಗೆ ಯಾಕೆ ಆಗಲ್ಲ ಅಂತ ಎಲ್ಲರೆದುರೇ ಕೇಳುತ್ತಾರೆ. ಅಷ್ಟು ಸೂಕ್ಷ್ಮ ಕಿವಿ.”

“ಭೇಷ್. ಯಜಮಾನ ಅಂದರೆ ಹಾಗಿರಬೇಕು,” ಅಂದ ನಾಗ.

“ಅದೇ ಯಜಮಾನ 2015ರ ಸೆಪ್ಟೆಂಬರ್ 23ರಂದು ರಾಜೀನಾಮೆ ಕೊಟ್ಟರು. ಗಾಡಿಗಳು ಸದ್ದಿಲ್ಲದೆ ಮಾಡಿದ ಕೆಲಸಕ್ಕೆ.”

ಇದು ನನ್ನ ಸರದಿ, ಹಾಗಾಗಿ ಸ್ವಲ್ಪ ಎಳೆದೇ ಹೇಳಿದೆ. ಡೀಸೆಲ್ ಎಂಜಿನ್ ನೈಟ್ರೋಜನ್ ಆಕ್ಸೈಡ್ ಉಗುಳುತ್ತದೆ. ಕಪ್ಪು ಹೊಗೆಯಾದರೆ ಹಿಂದಿನವನು ಹಾರ್ನ್ ಹೊಡೆದು ಬೈಯುತ್ತಾನೆ. ಇದು ಕಣ್ಣಿಗೆ ಬೀಳುವುದಿಲ್ಲ, ಶ್ವಾಸಕೋಶಕ್ಕೆ ಗೊತ್ತಾಗುತ್ತದೆ. ಅಮೆರಿಕದಲ್ಲಿ ಇದಕ್ಕೆ ಬಹಳ ಬಿಗಿ ನಿಯಮ. ಆ ನಿಯಮಕ್ಕೆ ತಗ್ಗಿದರೆ ಮೈಲೇಜ್ ಬೀಳುತ್ತದೆ. ಮೈಲೇಜ್ ಉಳಿಸಿದರೆ ಟೆಸ್ಟ್ ಪಾಸಾಗುವುದಿಲ್ಲ. ಎರಡೂ ಆಗಬೇಕಾದರೆ ಹೊಗೆಯನ್ನು ಶುದ್ಧ ಮಾಡುವ ಯೂರಿಯಾ ದ್ರವದ ತೊಟ್ಟಿ ಗಾಡಿಯಲ್ಲಿ ಇಡಬೇಕು, ಅದಕ್ಕೆ ಖರ್ಚು. ಇವರು ನಾಲ್ಕನೇ ದಾರಿ ಹಿಡಿದರು. ಟೆಸ್ಟ್ ನಡೆಯುವಾಗ ಮಾತ್ರ ಒಳ್ಳೆಯವನಾಗಿರು ಅಂತ ಗಾಡಿಯ ಸಾಫ್ಟ್‌ವೇರಿಗೇ ಹೇಳಿಕೊಟ್ಟರು.

“ಹೋ! ಬೀಗರು ಬಂದಾಗ ಬಾದಾಮಿ ಹಾಲು, ಬೀಗರು ಹೋದ ಮೇಲೆ ಬಾರು,” ಅಂದ ಸೀನ. ಅವನ ಅನುಭವದ ಮಾತು. ಹೋದ ತಿಂಗಳು ಬಂದ ಹುಡುಗನ ಬಗ್ಗೆ ಆಮೇಲೆ ವಿಚಾರಿಸಿದಾಗ ಗೊತ್ತಾದದ್ದು. “ಆದರೆ ಬೀಗರು ಬಂದಿದ್ದಾರೆ ಅಂತ ಗಾಡಿಗೆ ಹೇಗೆ ಗೊತ್ತಾಗುತ್ತೆ?”

ಒಳ್ಳೆಯ ಪ್ರಶ್ನೆ. ಎಮಿಷನ್ ಟೆಸ್ಟ್ ಮಾಡುವಾಗ ಲ್ಯಾಬಿನಲ್ಲಿ ಗಾಡಿಯನ್ನು ರೋಲರ್ ಮೇಲೆ ನಿಲ್ಲಿಸುತ್ತಾರೆ. ಚಕ್ರ ಗಿರಗಿರ ತಿರುಗುತ್ತದೆ, ಸ್ಟೀರಿಂಗ್ ಅಲುಗಾಡುವುದಿಲ್ಲ. ರಸ್ತೆಯಲ್ಲಿ ಹಾಗೆ ಯಾರು ಓಡಿಸುತ್ತಾರೆ? ನಮ್ಮ ಗುಂಡಿ ರಸ್ತೆಯಲ್ಲಂತೂ ಕೇಳಲೇಬೇಡಿ. ಸ್ಟೀರಿಂಗ್, ವೇಗ, ಹೊತ್ತು ಎಲ್ಲ ನೋಡಿ, ಇದು ಬೀಗರ ಮನೆ ಅಂತ ಸಾಫ್ಟ್‌ವೇರ್ ತೀರ್ಮಾನ ಮಾಡುತ್ತಿತ್ತು. ಹೊರಗೆ ರಸ್ತೆಗೆ ಬಂದರೆ 40 ಪಟ್ಟಿನವರೆಗೆ ಜಾಸ್ತಿ ಉಗುಳುತ್ತಿತ್ತು. ಪ್ರಪಂಚದಲ್ಲೆಲ್ಲ ಸೇರಿ ಇಂಥ ಗಾಡಿಗಳು ಸುಮಾರು 1.1 ಕೋಟಿ. ಕ್ರೋಮ್ ಪಟ್ಟಿಯ ಕಲೆಗೆ ಕಾರು ವಾಪಸ್ ಕಳಿಸುತ್ತೇವೆ ಅಂದಿದ್ದ ಕಂಪನಿ.

“ಹಿಡಿದವರು ಯಾರು?”

“ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಒಂದು ಸಣ್ಣ ತಂಡ. ಅಮೆರಿಕದ ಡೀಸೆಲ್ ಗಾಡಿ ಎಷ್ಟು ಶುದ್ಧ, ಯುರೋಪ್ ನೋಡಿ ಕಲಿಯಲಿ ಅನ್ನುವ ಉದ್ದೇಶಕ್ಕೆ ಶುರುವಾದ ಪರೀಕ್ಷೆ ಅದು. ಡಿಕ್ಕಿ ತುಂಬ ಯಂತ್ರ, ಹಿಂದೆ ಜನರೇಟರ್, ಸೈಲೆನ್ಸರಿಗೆ ಪೈಪು. ಹಾಗೇ ಲಾಸ್ ಏಂಜಲೀಸ್‌ನಿಂದ ಸಿಯಾಟಲ್‌ವರೆಗೂ ಓಡಿಸಿದರು. ಲೆಕ್ಕ ಎಷ್ಟು ತಪ್ಪಾಗಿ ಕಂಡಿತು ಅಂದರೆ ತಮ್ಮ ಯಂತ್ರವೇ ಕೆಟ್ಟಿದೆ ಅಂದುಕೊಂಡರು. ಆ ತಂಡದಲ್ಲಿ ನಮ್ಮ ಬೆಂಗಳೂರಿನವರು ಒಬ್ಬರಿದ್ದರು, ಹೇಮಂತ್ ಕಪ್ಪಣ್ಣ.”

“ಕಪ್ಪಣ್ಣ!” ಸೀನ ಎದ್ದೇ ನಿಂತ. “ನಮ್ಮವರು ಹಿಡಿದರಾ? ಏನು ಬಹುಮಾನ ಕೊಟ್ಟರು?”

“ಮುಂದೆ ಜನರಲ್ ಮೋಟರ್ಸ್ ಸೇರಿದರು. 2019ರಲ್ಲಿ ಆ ಕಂಪನಿ ಸಾವಿರಾರು ಜನರನ್ನು ತೆಗೆದಾಗ ಇವರ ಕೆಲಸವೂ ಹೋಯಿತು. ಊರಿಗೆ ವಾಪಸ್ ಬಂದರು.”

ಸೀನ ಕೂತುಬಿಟ್ಟ. ಫೋಕ್ಸ್‌ವಾಗನ್‌ಗೆ ಈ ಆಟಕ್ಕೆ ಬಿದ್ದ ಖರ್ಚು 3,000 ಕೋಟಿ ಯೂರೋಗಿಂತ ಜಾಸ್ತಿ. ನಮ್ಮ ದೇಶದಲ್ಲೂ 2015ರ ಡಿಸೆಂಬರ್‌ನಲ್ಲಿ 3,23,700 ಗಾಡಿಗಳನ್ನು ವಾಪಸ್ ಕರೆದು ಸಾಫ್ಟ್‌ವೇರ್ ಬದಲಿಸುತ್ತೇವೆ ಅಂದರು. ಹಸಿರು ನ್ಯಾಯಮಂಡಳಿ 2019ರಲ್ಲಿ 500 ಕೋಟಿ ರೂಪಾಯಿ ದಂಡ ಹಾಕಿತು, ಸುಪ್ರೀಂ ಕೋರ್ಟ್ ವಸೂಲಿಗೆ ತಡೆ ಕೊಟ್ಟಿತು.

“ಆ ಮೂರು ಲಕ್ಷದಲ್ಲಿ ನಿನ್ನ 2012ರ ಡೀಸೆಲ್ ಪೋಲೊನೂ ಸೇರಿರಬೇಕು. ಸಾಫ್ಟ್‌ವೇರ್ ಬದಲಿಸಿದ್ದಾರಾ ಕೇಳು, ಸರ್ವಿಸ್ ದಾಖಲೆ ನೋಡು. ಬಾಗಿಲು ಆಮೇಲೆ,” ಅಂದರು ಮೇಷ್ಟ್ರು.

ಸರಿ, ಎಲ್ಲರೂ ಹೋಗಿ ನೋಡೋಣ ಅಂತ ಹೊರಟೆವು. ಎರಡೇ ಬೀದಿ ಆಚೆ. ಹೊಂಗೆ ಮರದ ಕೆಳಗೆ ಬಿಳಿ ಕಾರು ನಿಂತಿತ್ತು, ಬಾನೆಟ್ ತುಂಬ ಹೂವು ಉದುರಿತ್ತು. ಓನರ್ ಮಹಡಿಯಿಂದ ಬಗ್ಗಿ ನೋಡಿ, ರಿಮೋಟ್ ಒತ್ತಿ ಲಾಕ್ ತೆಗೆದರು.

ನಾಗ ಡ್ರೈವರ್ ಕಡೆಯ ಬಾಗಿಲು ತೆಗೆದು ಹಾಕಿದ. ಧಪ್.

“ಹೌದಲ್ಲೋ!” ಅಂತ ಸೀನ ಎಡಗಡೆಯದು ತೆಗೆದು ಹಾಕಿದ. ಧಪ್. ನಾನು ಹಿಂದಿನದು ಹಾಕಿದೆ. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು, ಒಂದು ಪ್ರಯೋಗ ಮಾಡುವ ಗಾಂಭೀರ್ಯದಿಂದ ಮೊದಲು ಮೆಲ್ಲಗೆ ಹಾಕಿದರು, ಆಮೇಲೆ ಜೋರಾಗಿ, ಆಮೇಲೆ ಕಿವಿ ಹತ್ತಿರ ಇಟ್ಟು. “ರಬ್ಬರ್ ಚೆನ್ನಾಗಿದೆ,” ಅಂತ ವರದಿ ಕೊಟ್ಟರು. ಮತ್ತೊಂದು ಸುತ್ತು ಶುರುವಾಯಿತು. ಎದುರು ಮನೆಯ ನಾಯಿ ಬೊಗಳಿತು.

ಮಹಡಿಯಿಂದ ಓನರ್ ಕೂಗಿದರು. “ಸಾರ್, ಕಾರು ತಗೊಳ್ತೀರಾ, ಇಲ್ಲ ಬಾಗಿಲು ಮಾತ್ರ ಸಾಕಾ?”

ಮೇಷ್ಟ್ರು ನಾಗನ ಬೆನ್ನಿಗೆ ತಿವಿದರು. ಸರ್ವಿಸ್ ದಾಖಲೆ ಕೇಳು ಅಂತ. ನಾಗ ತಲೆ ಎತ್ತಿ, ಗಂಟಲು ಸರಿಮಾಡಿಕೊಂಡು ಕೇಳಿದ.

“ಮೈಲೇಜ್ ಎಷ್ಟು ಕೊಡುತ್ತೆ ಸಾರ್?”