165 ಸೆಂ.ಮೀ. ಎತ್ತರ, ಆಗಾಗ ಮಣಿಕಟ್ಟು ನೋವು: ನಿಂಜಾ 650, ಸಿಬಿಆರ್650ಆರ್, ಡೇಟೋನಾ 660 ಈ ಬೈಕ್‌ಗಳಲ್ಲಿ ಯಾವುದು ಹೊಂದುತ್ತೆ?

ರಾಜಾಜಿನಗರ_ರೈಡರ್:

ಎಲ್ಲರಿಗೂ ನಮಸ್ಕಾರ. ಎಂಟು ವರ್ಷದಿಂದ ಒಂದು 200 ಸಿಸಿ ಬೈಕ್ ಓಡಿಸುತ್ತಿದ್ದೇನೆ. ಈಗ ದೊಡ್ಡದೊಂದು ತಗೊಳ್ಳೋಣ ಅಂತ ಮನಸ್ಸಾಗಿದೆ. ಮನೆಯಲ್ಲಿ ಒಪ್ಪಿಗೆಯೂ ಸಿಕ್ಕಿದೆ, ಅದಕ್ಕೇ ಒಂದೂವರೆ ವರ್ಷ ಬೇಕಾಯಿತು, ಆ ಕಥೆ ಬೇರೆ.

ನನ್ನ ಎತ್ತರ 165 ಸೆಂ.ಮೀ., ತೂಕ 62 ಕೆಜಿ, ವಯಸ್ಸು 36. ಇಡೀ ದಿನ ಕಂಪ್ಯೂಟರ್ ಮುಂದೆ ಕೂತು ಕೂತು ಬಲ ಮಣಿಕಟ್ಟು ಆಗಾಗ ನೋಯುತ್ತದೆ. ವಾರಕ್ಕೆ ಎರಡು ದಿನ ರಾಜಾಜಿನಗರದಿಂದ ವೈಟ್‌ಫೀಲ್ಡ್‌ಗೆ ಹೋಗಬೇಕು. ತಿಂಗಳಿಗೊಮ್ಮೆ ಊರು, ಅಂದರೆ ಹಾಸನ, ಬೇಲೂರು ದಾಟಿ ಮೂಡಿಗೆರೆ ಹತ್ತಿರ. ಟೈಮ್ ಸಿಕ್ಕಿದರೆ ಅಲ್ಲಿಂದ ಚಾರ್ಮಾಡಿ ಇಳಿದು ಮತ್ತೆ ಹತ್ತುವುದು, ಸುಮ್ನೆ. ಹೆಂಡತಿ ಹಿಂದೆ ಕೂರುವುದು ಅಪರೂಪ. ಟ್ರ್ಯಾಕ್ ಡೇ ಆಸೆ ಇದೆ, ಆದರೆ ಅದು ಆಸೆ ಅಷ್ಟೇ.

ಪೇಪರ್ ಮೇಲೆ ನೋಡಿದರೆ ನಿಂಜಾ 650ರ ಸೀಟ್ 790 ಎಂಎಂ, ತೂಕ 196 ಕೆಜಿ. ಸಿಬಿಆರ್650ಆರ್ 810 ಎಂಎಂ, ತೂಕ 209 ಕೆಜಿ ಆಸುಪಾಸು. ಡೇಟೋನಾ 660 ಕೂಡ 810, 201 ಕೆಜಿ. ಯಮಹಾ ಆರ್7 835 ಎಂಎಂ ಅಂತ ಓದಿದ ತಕ್ಷಣ ಪಟ್ಟಿಯಿಂದ ತೆಗೆದೆ. ಏಪ್ರಿಲಿಯಾ ಆರ್‌ಎಸ್ 660 ನೋಡಿ ಕಣ್ಣು ತಂಪು ಮಾಡಿಕೊಂಡೆ, ಅದರ ರೇಟ್ ನಮಗಲ್ಲ.

ಶೋರೂಮ್‌ನಲ್ಲಿ ಮೂರರ ಮೇಲೂ ಕೂತು ಬಂದೆ. ನಿಂಜಾದಲ್ಲಿ ಎರಡೂ ಪಾದದ ಮುಂಭಾಗ ನೆಲಕ್ಕೆ ಸಿಗುತ್ತದೆ. ಉಳಿದೆರಡರಲ್ಲಿ ಬೆರಳು ಮಾತ್ರ. ಆದರೆ ಪವರ್ ನೋಡಿದರೆ ನಿಂಜಾ 68 ಪಿಎಸ್ (ಹಾರ್ಸ್‌ಪವರ್), ಆ ಎರಡೂ 95ರ ಹತ್ತಿರ. ಇಷ್ಟು ದುಡ್ಡು ಹಾಕಿ ಆಮೇಲೆ ಕಮ್ಮಿ ಆಯ್ತು ಅನ್ನಿಸಬಾರದು ಅಲ್ವಾ? ಓಡಿಸುತ್ತಿರುವವರು ಹೇಳಿ. ಯೂಟ್ಯೂಬ್ ಎಲ್ಲಾ ನೋಡಿ ಆಗಿದೆ, ಅಲ್ಲಿ ಎಲ್ಲಾ ಬೈಕೂ ಸೂಪರ್.

ಮೈಸೂರ್_ಟ್ವಿನ್:

ನಿಂಜಾ 650, ನಾಲ್ಕು ವರ್ಷ, 31 ಸಾವಿರ ಕಿ.ಮೀ. ನನ್ನ ಎತ್ತರ 172.

ಮೊದಲು ಪವರ್ ವಿಷಯ. 68, 95 ಅಂತ ಪಕ್ಕಪಕ್ಕ ಇಟ್ಟು ನೋಡಬೇಡಿ. ಟಾರ್ಕ್, ಅಂದರೆ ಇಂಜಿನ್ ತಿರುಗಿಸುವ ಬಲ ನೋಡಿ. ನಿಂಜಾ 64 ಎನ್‌ಎಂ, 6,700 ಆರ್‌ಪಿಎಂನಲ್ಲಿ (ಇಂಜಿನ್ ನಿಮಿಷಕ್ಕೆ ಸುತ್ತುವ ಲೆಕ್ಕ). ಸಿಬಿಆರ್ 63 ಎನ್‌ಎಂ, 9,500ರಲ್ಲಿ. ಹೆಚ್ಚುಕಮ್ಮಿ ಒಂದೇ ಎಳೆತ, ಆದರೆ ಒಂದು ಬೈಕ್ ಅದನ್ನು ಕೈಯಲ್ಲಿ ಇಡುತ್ತದೆ, ಇನ್ನೊಂದರಲ್ಲಿ ಅಟ್ಟ ಹತ್ತಿ ತಗೊಳ್ಳಬೇಕು. ಚಾರ್ಮಾಡಿಯಲ್ಲಿ ಕೆಎಸ್‌ಆರ್‌ಟಿಸಿ ಬಸ್ ಹಿಂದೆ ಸಿಕ್ಕಿಕೊಂಡು, ಮುಂದೆ ರಸ್ತೆ ಚೂರು ಕಂಡಾಗ ಮೂರನೇ ಗೇರಲ್ಲೇ ಎಳೆದುಕೊಂಡು ಹೋಗುತ್ತದಲ್ಲ, ಅಲ್ಲಿ ನನಗೆ 95 ಪಿಎಸ್ ಬೇಕು ಅಂತ ಒಂದು ದಿನವೂ ಅನ್ನಿಸಿಲ್ಲ. ಖಾಲಿ ಹೆದ್ದಾರಿಯಲ್ಲಿ ಅನ್ನಿಸಿದೆ, ಸುಳ್ಳು ಹೇಳಲ್ಲ.

ಕೂರುವ ಭಂಗಿ ಆರಾಮ, ಹ್ಯಾಂಡಲ್ ಎತ್ತರದಲ್ಲಿದೆ. ಹೆಸರಿಗೆ ಸ್ಪೋರ್ಟ್ ಬೈಕ್, ಸ್ವಭಾವದಲ್ಲಿ ಟೂರರ್. ಹಿಂದಿನ ಟೈರ್ 160 ಎಂಎಂ ಅಗಲ, ಉಳಿದೆರಡರದ್ದು 180. ಸಣ್ಣ ಟೈರ್ ಅಂತ ಗೆಳೆಯರು ನಗುತ್ತಾರೆ, ಆದರೆ ತಿರುವಿನಲ್ಲಿ ಬೈಕ್ ಬೇಗ ಮಲಗುತ್ತದೆ, ಬದಲಾಯಿಸುವಾಗ ದುಡ್ಡೂ ಕಮ್ಮಿ. ಮುಂದಿನ ಫೋರ್ಕ್ (ಸಸ್ಪೆನ್ಷನ್) ಮಾತ್ರ ಸಾದಾ ಟೆಲಿಸ್ಕೋಪಿಕ್. ಜೋರಾಗಿ ಬ್ರೇಕ್ ಹಿಡಿದರೆ ಮೂಗು ಬಗ್ಗಿಸುತ್ತದೆ.

ಇನ್ನೊಂದು ಮಾತು. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್ 1ರಿಂದ ಬೈಕ್ ಬಿಡುವುದಿಲ್ಲ. ನಾನು ಸರ್ವಿಸ್ ರೋಡಲ್ಲೇ ಬರಬೇಕು, ಹಂಪು, ಎದುರಿಗೆ ಬರುವ ಟ್ರ್ಯಾಕ್ಟರ್, ಹಸು ಎಲ್ಲಾ ದಾಟಿಕೊಂಡು. ಅಲ್ಲಿ ಬಗ್ಗಿ ಕೂತು ಎರಡೂವರೆ ಗಂಟೆ ಬನ್ನಿ ನೋಡೋಣ. ನಿಮ್ಮ ಹಾಸನದ ರಸ್ತೆಗೆ ಆ ಕಷ್ಟ ಇಲ್ಲ, ಪುಣ್ಯವಂತರು.

ಇನ್‌ಲೈನ್_ನಾಲ್ಕು:

ಮೇಲಿನವರು ಹೇಳಿದ್ದೆಲ್ಲ ನಿಜ, ಆದರೆ ಅವರು ನಾಲ್ಕು ಸಿಲಿಂಡರ್ ಸದ್ದಿನ ಬಗ್ಗೆ ಒಂದು ಮಾತೂ ಆಡಲಿಲ್ಲ, ಅದು ಮೋಸ 😄 8,000 ಆರ್‌ಪಿಎಂ ದಾಟಿದ ಮೇಲೆ ಸಿಬಿಆರ್ ಬೇರೆಯೇ ಬೈಕ್. ಬೆಳಿಗ್ಗೆ ಐದೂವರೆಗೆ ನೆಲಮಂಗಲ ದಾಟಿ ಹಾಸನದ ಕಡೆ ತಿರುಗಿಕೊಂಡು ಒಮ್ಮೆ ಬಿಟ್ಟು ನೋಡಿ. ಟಾರ್ಕ್ ಲೆಕ್ಕ ಎಲ್ಲಾ ಮರೆತು ಹೋಗುತ್ತದೆ.

ಆದರೆ ಮಣಿಕಟ್ಟು ನೋವು ಇರುವವರಿಗೆ ಕಣ್ಣು ಮುಚ್ಚಿ ತಗೊಳ್ಳಿ ಅನ್ನಲಾರೆ. ಹಳೆಯ ಸಿಬಿಆರ್650ಎಫ್‌ನಲ್ಲಿ ಹ್ಯಾಂಡಲ್ ಮೇಲಿನ ಕ್ಲ್ಯಾಂಪ್‌ಗಿಂತ (ಎರಡೂ ಫೋರ್ಕ್ ಕೊಳವೆಯನ್ನು ಮೇಲ್ತುದಿಯಲ್ಲಿ ಹಿಡಿಯುವ ಭಾಗ) ಎತ್ತರದಲ್ಲಿತ್ತು. 2019ರಲ್ಲಿ ಸಿಬಿಆರ್650ಆರ್ ಬಂದಾಗ ಅದನ್ನು ಕ್ಲ್ಯಾಂಪ್ ಕೆಳಗೆ ಇಳಿಸಿ 30 ಎಂಎಂ ಮುಂದಕ್ಕೆ ತಳ್ಳಿದರು. ರೇಸ್ ಮಾದರಿಯ ಸೂಪರ್‌ಸ್ಪೋರ್ಟ್ ಬೈಕಿನಷ್ಟು ಬಗ್ಗಬೇಕಿಲ್ಲ, ಆದರೂ ಬಗ್ಗಬೇಕು.

ಇಲ್ಲಿ ಒಂದು ವಿಷಯ ಜನ ಉಲ್ಟಾ ತಿಳಿದಿದ್ದಾರೆ. ದೂರದ ಪ್ರಯಾಣದಲ್ಲಿ ಕೈ ನೋಯುತ್ತದೆ, ಊರೊಳಗೆ ಪರವಾಗಿಲ್ಲ ಅಂತಾರೆ. ನನಗೆ ಆಗಿದ್ದು ಅದರ ಉಲ್ಟಾ. 90ರಲ್ಲಿ ಹೋಗುವಾಗ ಎದೆಗೆ ಬಡಿಯುವ ಗಾಳಿಯೇ ನಿಮ್ಮನ್ನು ಸ್ವಲ್ಪ ಎತ್ತಿ ಹಿಡಿಯುತ್ತದೆ, ಅಂಗೈ ಮೇಲೆ ಭಾರ ಕಮ್ಮಿ. ವೈಟ್‌ಫೀಲ್ಡ್ ದಾರಿಯ ಟಿನ್ ಫ್ಯಾಕ್ಟರಿ ಹತ್ತಿರ 15ರಲ್ಲಿ ಹೋಗುವಾಗ ಗಾಳಿ ಎಲ್ಲಿದೆ? ಪೂರ್ತಿ ಭಾರ ಮಣಿಕಟ್ಟಿನ ಮೇಲೆ, ಜೊತೆಗೆ ಕ್ಲಚ್, ಜೊತೆಗೆ ಕಾಲಿಗೆ ಇಂಜಿನ್ ಬಿಸಿ. ನಿಮ್ಮ ಮೂಡಿಗೆರೆ ಸಮಸ್ಯೆ ಅಲ್ಲ, ವೈಟ್‌ಫೀಲ್ಡೇ ಸಮಸ್ಯೆ.

ಇ-ಕ್ಲಚ್ ಇರುವುದು ಈಗ ಸಿಗುತ್ತದೆ, ಸುಮಾರು 2 ಕೆಜಿ ಜಾಸ್ತಿ ತೂಕ. ನಿಲ್ಲುವಾಗ, ಹೊರಡುವಾಗ, ಗೇರ್ ಹಾಕುವಾಗ ಲಿವರ್ ಮುಟ್ಟಬೇಕಿಲ್ಲ, ಬೇಕೆಂದರೆ ಮುಟ್ಟಬಹುದು. ಗೆಳೆಯನದ್ದು ಓಡಿಸಿದೆ, ಮೊದಲು ನಕ್ಕವನು ನಾನೇ, ವಾಪಸ್ ಕೊಡುವಾಗ ಹೊಟ್ಟೆಕಿಚ್ಚಾಯಿತು. ಆದರೆ ಅದು ಉಳಿಸುವುದು ಎಡಗೈ. ನಿಮಗೆ ನೋವಿರುವುದು ಬಲಗೈ ಅಂದಿರಿ.

ಲೆಕ್ಕದ_ಗಿರಾಕಿ:

350 ಸಿಸಿ ಮೇಲಿನ ಬೈಕಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ 40%. ಅದರ ಮೇಲೆ ಕರ್ನಾಟಕದ ರೋಡ್ ಟ್ಯಾಕ್ಸ್. ಆ ದುಡ್ಡಲ್ಲಿ ಊರಲ್ಲಿ ಬೋರ್‌ವೆಲ್ ಕೊರೆಸಬಹುದು. ಹೇಳಬೇಕು ಅನ್ನಿಸಿತು, ಹೇಳಿದೆ. ಮುಂದುವರಿಸಿ.

ಇನ್‌ಲೈನ್_ನಾಲ್ಕು:

ನೀರು ಬರದಿದ್ದರೆ ಆ ಬೋರ್‌ವೆಲ್ ರೀಸೇಲ್ ಎಷ್ಟು ಸಾರ್?

ಘಾಟಿ_ಗೌರಿ:

ನನ್ನ ಎತ್ತರ 157. ಐದು ವರ್ಷದಿಂದ 650 ಓಡಿಸುತ್ತಿದ್ದೇನೆ, ಆಗುಂಬೆಯ 14 ತಿರುವು ಹತ್ತಿದ್ದೇನೆ, ಇಳಿದಿದ್ದೇನೆ, ಮಳೆಯಲ್ಲೂ. ಹಾಗಾಗಿ 165 ಗಿಡ್ಡ ಅನ್ನುವವರ ಮಾತು ಕೇಳಬೇಡಿ.

ಸೀಟ್ ಎತ್ತರ ಅನ್ನುವ ನಂಬರ್ ಅರ್ಧ ಸುಳ್ಳು. ಅದು ನೆಲದಿಂದ ಸೀಟ್‌ವರೆಗಿನ ಅಳತೆ. ನಿಮ್ಮ ಕಾಲು ಹಾಗೆ ನೇರವಾಗಿ ಇಳಿಯುವುದಿಲ್ಲ, ಸೀಟನ್ನು ಬಳಸಿಕೊಂಡು ಇಳಿಯುತ್ತದೆ. ಸೀಟಿನ ಮುಂಭಾಗ ಸಪೂರ ಇದ್ದರೆ 810 ಕೂಡ ನಿಲುಕುತ್ತದೆ, ಅಗಲ ಇದ್ದರೆ 790 ಕೂಡ ನಿಲುಕುವುದಿಲ್ಲ. ಅದಕ್ಕೇ ಶೋರೂಮ್‌ನಲ್ಲಿ ಟ್ಯಾಂಕ್ ಹತ್ತಿರಕ್ಕೆ ಸರಿದು ಕೂತು ನೋಡಿ. ಮತ್ತೆ ಎರಡೂ ಕಾಲು ಯಾಕೆ ಬೇಕು? ಎಡಗಾಲು ಊರಿ, ಬಲಗಾಲು ಹಿಂದಿನ ಬ್ರೇಕ್ ಮೇಲೆ. ಸೊಂಟ ಎಡಕ್ಕೆ ಎರಡು ಇಂಚು ಜಾರಿಸಿದರೆ ಪಾದ ಪೂರ್ತಿ ಕೂರುತ್ತದೆ. ನಾನು ಬೈಕ್ ಬೀಳಿಸಿದ್ದು ಒಂದೇ ಸಲ, ಅದೂ ಸಿಗ್ನಲ್‌ನಲ್ಲಿ ಅಲ್ಲ. ಮನೆ ಗೇಟ್ ಮುಂದಿನ ಇಳಿಜಾರಿನಲ್ಲಿ, ಅತ್ತೆ ಮಾವನ ಎದುರಿಗೆ.

ಈಗ ಮುಖ್ಯ ವಿಷಯ. ನೀವು 62 ಕೆಜಿ. ಹೊಸ ಬೈಕಿನ ಹಿಂದಿನ ಸ್ಪ್ರಿಂಗ್ ನಿಮ್ಮ ತೂಕಕ್ಕೇ ಅಂತ ಯಾರೂ ಸೆಟ್ ಮಾಡಿ ಕಳಿಸಿರುವುದಿಲ್ಲ. ಬೈಕ್ ಮೇಲೆ ಕೂತಾಗ ಹಿಂದಿನ ಸಸ್ಪೆನ್ಷನ್ ಒಟ್ಟು ಓಟದ (ಮೇಲೆ ಕೆಳಗೆ ಆಡುವ ಅಳತೆಯ) ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಕೂರಬೇಕು. ನಿಂಜಾದಲ್ಲಿ ಹಿಂದಿನ ಓಟ 130 ಎಂಎಂ, ಅಂದರೆ 33ರಿಂದ 43ರ ನಡುವೆ. ಕಮ್ಮಿ ಕೂತರೆ ಪ್ರಿಲೋಡ್, ಅಂದರೆ ಸ್ಪ್ರಿಂಗ್ ಮೊದಲೇ ಬಿಗಿದಿರುವುದನ್ನು, ಸಡಿಲ ಮಾಡಿ. ಬೈಕ್ ಇಳಿಯುತ್ತದೆ, ಕಾಲು ನೆಲಕ್ಕೆ ಇನ್ನೊಂದಿಷ್ಟು ಸಿಗುತ್ತದೆ, ಹಂಪ್‌ನಲ್ಲಿ ಸೊಂಟಕ್ಕೆ ಹೊಡೆಯುವುದೂ ತಪ್ಪುತ್ತದೆ. ಮೂರೂ ಬೈಕಿನಲ್ಲಿ ಹಿಂದಿನ ಪ್ರಿಲೋಡ್ ಬದಲಿಸಬಹುದು. ನನ್ನ ಬೈಕ್ ಡೆಲಿವರಿ ಕೊಟ್ಟ ಕಡೆ ಇದನ್ನು ಕೇಳಿದಾಗ "ಅದೆಲ್ಲ ಕಂಪನಿ ಸೆಟ್ಟಿಂಗ್ ಮೇಡಂ" ಅಂದರು. ಮನೆಗೆ ತಂದು ಟೇಪ್ ಹಿಡಿದು ನಾನೇ ಮಾಡಿಕೊಂಡೆ. ಇಬ್ಬರು ಬೇಕು, ಒಬ್ಬರು ಬೈಕ್ ಹಿಡಿಯಬೇಕು, ಇನ್ನೊಬ್ಬರು ಅಳೆಯಬೇಕು. ಜಗಳ ಆಗುತ್ತದೆ, ಆದರೂ ಆಗುತ್ತದೆ.

ಒಂದು ಎಚ್ಚರ: ಹಿಂದೆ ಮಾತ್ರ ತುಂಬಾ ಇಳಿಸಿದರೆ, ಅಥವಾ ಬೈಕ್ ತಗ್ಗಿಸುವ ಲೋವರಿಂಗ್ ಲಿಂಕ್ ಹಾಕಿಸಿದರೆ, ತಿರುವಿಗೆ ಬೈಕ್ ಸೋಮಾರಿ ಆಗುತ್ತದೆ. ಹೆಂಡತಿ ಹತ್ತಿದ ದಿನ ಪ್ರಿಲೋಡ್ ಮತ್ತೆ ಬಿಗಿ ಮಾಡಿ.

ಮಣಿಕಟ್ಟಿಗೆ: ಮೊಣಕಾಲಿನಿಂದ ಟ್ಯಾಂಕ್ ಹಿಡಿದು ಕೂರಿ. ಬ್ರೇಕ್ ಹಾಕುವಾಗ ಕೈಗಿಂತ ತೊಡೆಗೆ ಭಾರ ಬರಬೇಕು. ಬ್ರೇಕ್ ಲಿವರ್ ಅನ್ನು ಕೆಳಕ್ಕೆ ತಿರುಗಿಸಿ, ಮೊಣಕೈಯಿಂದ ಬೆರಳಿನವರೆಗೆ ನೇರ ಗೆರೆ ಬರುವ ಹಾಗೆ. ಹತ್ತು ನಿಮಿಷದ ಕೆಲಸ, ದುಡ್ಡಿಲ್ಲ.

ಅಂದ ಹಾಗೆ, ಶೋರೂಮ್‌ಗೆ ಏನು ಹಾಕಿಕೊಂಡು ಹೋಗಿದ್ರಿ?

ಲೆಸ್ಟರ್_ಕನ್ನಡಿಗ:

ಇಂಗ್ಲೆಂಡಿನಲ್ಲಿದ್ದೇನೆ, ಡೇಟೋನಾ 660 ಇಟ್ಟು ಒಂದು ವರ್ಷ. ಡೇಟೋನಾ ಕಂಪನಿ ಟ್ರಯಂಫ್‌ನವರ ಊರು ಹಿಂಕ್ಲಿ ಇಲ್ಲೇ ಪಕ್ಕದಲ್ಲಿ, ಅದು ಕಾರಣ ಅಲ್ಲ, ಆದರೂ.

ಹಳೆಯ ಡೇಟೋನಾ 675 ನೋಡಿದವರು ಹೆದರುತ್ತಾರೆ. ಅದು ಮಡಚಿ ಕೂರಿಸುವ ಬೈಕ್. 660ರ ಹ್ಯಾಂಡಲ್ ಮೇಲಿನ ಕ್ಲ್ಯಾಂಪ್‌ಗಿಂತ ಎತ್ತರದಲ್ಲಿದೆ, ಬಗ್ಗುವುದು ಕಮ್ಮಿ. ಮೂರು ಸಿಲಿಂಡರ್, 69 ಎನ್‌ಎಂ 8,250ರಲ್ಲಿ, ಆದರೆ ಅದರ 80%ಗಿಂತ ಜಾಸ್ತಿ 3,125ರಿಂದಲೇ ಸಿಗುತ್ತದೆ ಅಂತ ಕಂಪನಿ ಹೇಳುತ್ತದೆ. ಓಡಿಸಿದಾಗ ಹಾಗೇ ಅನ್ನಿಸುತ್ತದೆ. ಟ್ವಿನ್‌ನ (ನಿಂಜಾದಂಥ ಎರಡು ಸಿಲಿಂಡರ್ ಬೈಕಿನ) ಎಳೆತವೂ ಇದೆ, ನಾಲ್ಕರ ಕೂಗು ಸ್ವಲ್ಪ ಇದೆ. ಟ್ಯಾಂಕ್ 14 ಲೀಟರ್, ಅದು ನನಗೆ ಸಾಲದು.

ಇಲ್ಲಿನ ರಸ್ತೆ ನೋಡಿ ನಾನು ಹೇಳಿದ್ದನ್ನು ಅಲ್ಲಿ ನಂಬಬೇಡಿ. ಸರ್ವಿಸ್ ರೋಡಿನ ಹಂಪ್ ಹೇಗಿರುತ್ತದೆ ಅಂತ ನನಗೂ ನೆನಪಿದೆ.

ರಾಜಾಜಿನಗರ_ರೈಡರ್:

ಎಲ್ಲರಿಗೂ ಥ್ಯಾಂಕ್ಸ್. ಶನಿವಾರ ಮೂರನ್ನೂ ಟೆಸ್ಟ್ ರೈಡ್ ಮಾಡಿದೆ. ಬೇಕಂತಲೇ ಸಂಜೆ ಆರಕ್ಕೆ ಹೋದೆ, ಟ್ರಾಫಿಕ್ ಇರಲಿ ಅಂತ. ಎಕ್ಸಿಕ್ಯೂಟಿವ್ ಮುಖ ನೋಡಬೇಕಿತ್ತು.

ಸಿಬಿಆರ್ ಇಳಿದಾಗ ಮನಸ್ಸು ಅಲ್ಲೇ ಉಳಿಯಿತು, ಮಣಿಕಟ್ಟು ಕೂಡ. ಇಪ್ಪತ್ತು ನಿಮಿಷಕ್ಕೇ ಅಂಗೈ ಬುಡ ಜುಂ ಅಂದಿತು. ಮೊಣಕಾಲಲ್ಲಿ ಟ್ಯಾಂಕ್ ಹಿಡಿದ ಮೇಲೆ ಕಮ್ಮಿಯಾಯಿತು, ಆದರೆ ಅದನ್ನು ದಿನಾ ನೆನಪಿಟ್ಟುಕೊಂಡು ಮಾಡ್ತೀನಾ ಅಂತ ನನಗೇ ಅನುಮಾನ. ನಿಂಜಾ ಹತ್ತಿದ ಎರಡೇ ನಿಮಿಷಕ್ಕೆ ನಮ್ಮದೇ ಬೈಕ್ ಅನ್ನಿಸಿತು, ಏನೂ ರೋಮಾಂಚನ ಇಲ್ಲ, ಏನೂ ತೊಂದರೆಯೂ ಇಲ್ಲ. ಡೇಟೋನಾ ನಡುವೆ. ಯಶವಂತಪುರ ಫ್ಲೈಓವರ್ ಮೇಲೆ ಒಮ್ಮೆ ಆಕ್ಸಿಲರೇಟರ್ ತಿರುಗಿಸಿದೆ, ಹೆಲ್ಮೆಟ್ ಒಳಗೆ ನಗು ಬಂತು.

ಹಾಗಾಗಿ ಈಗ ನಿಂಜಾ ಮತ್ತು ಡೇಟೋನಾ ಮಧ್ಯೆ. ಮುಂದಿನ ವಾರ ಡೇಟೋನಾ ಮೇಲೆ ಹೆಂಡತಿಯನ್ನು ಕೂರಿಸಿ ನೋಡಬೇಕು. ಅವಳು ಬೇಡ ಅಂದರೆ ಅಲ್ಲಿಗೆ ಮುಗಿಯಿತು.

ಗೌರಿಯವರೇ, ಉತ್ತರ ಕೊಡಲು ನಾಚಿಕೆ ಆಗುತ್ತದೆ. ಮೊದಲ ಸಲ ಹೋದಾಗ ಹವಾಯಿ ಚಪ್ಪಲಿ. ಈ ಸಲ ರೈಡಿಂಗ್ ಬೂಟ್ ಹಾಕಿಕೊಂಡು ಹೋಗಿದ್ದೆ. 810ರಲ್ಲೂ ಪಾದದ ಮುಂಭಾಗ ಕೂತಿತು.

ಘಾಟಿ_ಗೌರಿ:

ಗೊತ್ತಿತ್ತು 😄 ಹಾಗಾದರೆ ಆ ಆರ್7 ಮೇಲೂ ಒಮ್ಮೆ ಕೂತು ಬನ್ನಿ, ಬೂಟ್ ಹಾಕಿಕೊಂಡೇ. ಹ್ಯಾಂಡಲ್ ನೋಡಿ ನೀವೇ ವಾಪಸ್ ಬರ್ತೀರಿ, ಆದರೆ ಎತ್ತರದ ಕಾರಣಕ್ಕೆ ಅಲ್ಲ.