ಸೋತವರು ಬರೆದ ಪುಸ್ತಕ: ನಮ್ಮ ಮಂಡ್ಯ ಮನೆ ಗುಂಪಿನಲ್ಲಿ

ಚಿಕ್ಕಪ್ಪ: ಅಮೆರಿಕದ ಅಂತರ್ಯುದ್ಧದಲ್ಲಿ ಸೋತ ದಕ್ಷಿಣದ ಅಧ್ಯಕ್ಷ ಜೆಫರ್ಸನ್ ಡೇವಿಸ್ 1881ರಲ್ಲಿ ಬರೆದ ಇತಿಹಾಸ ಹಾಕಿದ್ದೇನೆ. ಎಲ್ಲರೂ ಓದಿ. ಜಗಳ ರಾಜ್ಯಗಳ ಹಕ್ಕಿನದ್ದು, ಗುಲಾಮಗಿರಿಯದ್ದಲ್ಲ. ಗೆದ್ದವರು ಹೇಳಿದ್ದನ್ನೇ ನಂಬಿಕೊಂಡು ಬಂದಿದ್ದೇವೆ.

ನಾನು: ಮೈಸೂರು ಬಸ್ಸಿನಲ್ಲಿ ಸ್ವಲ್ಪ ಓದಿದೆ ಚಿಕ್ಕಪ್ಪ. ಗುಲಾಮಗಿರಿ ಕಾರಣವೇ ಅಲ್ಲ, ನಡುವೆ ಬಂದ ಸಂಗತಿ ಅಷ್ಟೇ ಅಂತಾರೆ. ಇದು ಸೋತು 16 ವರ್ಷದ ಮೇಲಿನ ಮಾತು. ಮೊದಲು ಏನಂದಿದ್ದರು? 1861ರ ಜನವರಿಯಲ್ಲಿ ದಕ್ಷಿಣದ ಮಿಸಿಸಿಪ್ಪಿ ರಾಜ್ಯ ಅಮೆರಿಕದ ಒಕ್ಕೂಟ ಬಿಟ್ಟಿತು. ಡೇವಿಸ್ ಸೆನೆಟರ್ ಆಗಿದ್ದ ರಾಜ್ಯವೇ ಅದು. ಯಾಕೆ ಬಿಟ್ಟೆವು ಅಂತ ಹೊರಡಿಸಿದ ಪತ್ರದ ಎರಡನೇ ವಾಕ್ಯದಲ್ಲೇ ಇದೆ, ನಮ್ಮ ನಿಲುವು ಗುಲಾಮಗಿರಿಯ ಜೊತೆ ಪೂರ್ತಿ ಬೆಸೆದುಕೊಂಡಿದೆ ಅಂತ. ಹೀಗೆ ಬಿಟ್ಟ ರಾಜ್ಯಗಳು ಸೇರಿ ಕಟ್ಟಿದ ಹೊಸ ಸರ್ಕಾರಕ್ಕೆ ಡೇವಿಸ್ ಅಧ್ಯಕ್ಷ. ಅದರ ಉಪಾಧ್ಯಕ್ಷ ಸ್ಟೀಫನ್ಸ್ ಮಾರ್ಚ್‌ನಲ್ಲಿ ಸವಾನಾ ಊರಿನಲ್ಲಿ ಭಾಷಣ ಮಾಡಿದರು. ಕಪ್ಪು ಜನ ಬಿಳಿಯರಿಗೆ ಸಮಾನರಲ್ಲ ಅನ್ನೋದೇ ಹೊಸ ಸರ್ಕಾರದ ಮೂಲೆಗಲ್ಲು ಅಂದರು. ಸೋತ ಮೇಲೆ ಅವರೂ ಸಂವಿಧಾನ, ಹಕ್ಕು ಅಂತ ಎರಡು ಸಂಪುಟ ಬರೆದರು.

ಭಾವ: ಹಾಗಂತ ಸೋತವರು ಬಾಯಿ ಮುಚ್ಚಿಕೊಂಡಿರಬೇಕಾ?

ನಾನು: ಇಲ್ಲ ಭಾವ, ಓದೋಣ. ಅವರ ಹಳೇ ಮಾತನ್ನ ಪಕ್ಕದಲ್ಲಿ ಇಟ್ಟುಕೊಂಡು ಓದೋಣ. ಗದ್ದೆ ದಾವೆ ಸೋತ ಮೇಲೆ ತಾತ ಏನು ಹೇಳುತ್ತಿದ್ದರು? ಮರ್ಯಾದೆಗೋಸ್ಕರ ಕೋರ್ಟಿಗೆ ಹೋದೆ ಅಂತ. ಕಬ್ಬಿಣದ ಟ್ರಂಕಿನಿಂದ ಆ ದಾವೆ ಪ್ರತಿ ತೆಗೆದು ತೋರಿಸಿದ್ದು ಚಿಕ್ಕಪ್ಪನೇ. ಮಡಿಕೆಯಲ್ಲೆಲ್ಲ ಹರಿದಿತ್ತು. ಅದರಲ್ಲಿ ಇದ್ದದ್ದು ಇಪ್ಪತ್ತು ಗುಂಟೆ, ನಾಲೆ ನೀರಿನ ಸರದಿ. ಮರ್ಯಾದೆ ಅನ್ನೋ ಮಾತು ಒಂದು ಕಡೆಯೂ ಇರಲಿಲ್ಲ.

ಚಿಕ್ಕಪ್ಪ: ತಾತನನ್ನ ಇದಕ್ಕೆ ಎಳೀಬೇಡ ಕಣಮ್ಮ. ಅಲ್ಲಿ ಬಂದೂಕು ಹಿಡಿದ ಬಡ ರೈತನ ಹತ್ತಿರ ಗುಲಾಮರೇ ಇರಲಿಲ್ಲ. ಅವನ ನೋವು ನೋವಲ್ವಾ?

ನಾನು: ತಪ್ಪಾಯ್ತು ಚಿಕ್ಕಪ್ಪ, ನಮ್ಮ ಮನೆಯದ್ದು ಅಂತ ಹೇಳಿದೆ. ಆ ರೈತನ ಮಾತು ಒಪ್ಪುತ್ತೇನೆ. ಅವನು ಮನೆಗೆ ಬರೆದ ಕಾಗದ ಸಿಕ್ಕಿದರೆ ನಾನೇ ಮೊದಲು ಓದುತ್ತೇನೆ. ಆದರೆ 1860ರ ಜನಗಣತಿ ನೋಡಿ. ಒಕ್ಕೂಟ ಬಿಟ್ಟ ರಾಜ್ಯಗಳಲ್ಲಿ ಸುಮಾರು 35 ಲಕ್ಷ ಜನ ಗುಲಾಮರಾಗಿದ್ದರು. ಮಿಸಿಸಿಪ್ಪಿಯಲ್ಲಂತೂ ಅರ್ಧಕ್ಕಿಂತ ಜಾಸ್ತಿ ಜನ. ದಕ್ಷಿಣದವರು ಸೋತರು ಅಂತೀರಲ್ಲ, ಇವರೂ ದಕ್ಷಿಣದವರೇ ಅಲ್ವಾ? ಆ ಸೋಲಿನಿಂದ ಇವರಿಗೆ ಬಿಡುಗಡೆ ಆಯ್ತು.

(ಸ್ವಲ್ಪ ಹೊತ್ತಿನ ಮೇಲೆ)

ಚಿಕ್ಕಪ್ಪ: ಆ ಮಿಸಿಸಿಪ್ಪಿ ಪತ್ರ ಕಳಿಸು, ರಾತ್ರಿ ಓದುತ್ತೇನೆ. ಪುಸ್ತಕ ಮಾತ್ರ ಗುಂಪಿನಿಂದ ತೆಗೆಯಲ್ಲ.

ನಾನು: ತೆಗೀಬೇಡಿ ಚಿಕ್ಕಪ್ಪ. ಪತ್ರ ಅದರ ಕೆಳಗೇ ಹಾಕುತ್ತೇನೆ.