ಉಬ್ಬಸಕ್ಕೆ ಇನ್ಹೇಲರ್ ಜೊತೆ ಚೀನೀ ಗಿಡಮೂಲಿಕೆ ಕಷಾಯ ಕುಡಿಯಬಹುದಾ?

ಗುಬ್ಬಿಮರಿ:
ಅಮ್ಮನಿಗೆ 54 ವರ್ಷ, ಉಬ್ಬಸ ಶುರುವಾಗಿ ಇಪ್ಪತ್ತು ವರ್ಷವಾಯಿತು. ಎರಡು ಹೊತ್ತು ಸ್ಟೀರಾಯ್ಡ್ ಇನ್ಹೇಲರ್, ರಾತ್ರಿ ಮಾಂಟೆಲುಕಾಸ್ಟ್ ಮಾತ್ರೆ, ಇಷ್ಟಾದರೂ ವಾರಕ್ಕೆ ಮೂರು ರಾತ್ರಿ ಎದ್ದು ಕೂರುತ್ತಾರೆ. ಈ ವರ್ಷ ಮೂರು ಸಲ ಪ್ರೆಡ್ನಿಸೊಲೋನ್ (ಸ್ಟೀರಾಯ್ಡ್ ಮಾತ್ರೆ) ಕೋರ್ಸ್ ಬೇರೆ, ಮುಖ ಊದಿಕೊಂಡಿದೆ, ಶುಗರ್ ಏರಿದೆ. ಪರಿಚಯದವರೊಬ್ಬರು ಚೀನೀ ಕಷಾಯದ ಪುಡಿ ತಂದುಕೊಟ್ಟರು. ಹತ್ತು ದಿನದಿಂದ ಕುಡಿಯುತ್ತಿದ್ದಾರೆ. ಸುಳ್ಳು ಯಾಕೆ ಹೇಳಲಿ, ಉಸಿರು ಸ್ವಲ್ಪ ಸಲೀಸಾಗಿದೆ. ಆದರೆ ಎದೆ ಡವಡವ ಅನ್ನುತ್ತದಂತೆ, ನಿದ್ದೆ ಇಲ್ಲ. ಡಾಕ್ಟರು ಬೈತಾರೆ ಅಂತ ಹೇಳಿಲ್ಲ. ಪ್ಯಾಕೆಟ್ ಪೂರ್ತಿ ಚೀನೀ ಅಕ್ಷರ, ಮೂಲೆಯಲ್ಲಿ ಸಣ್ಣದಾಗಿ ಇಂಗ್ಲಿಷಿನಲ್ಲಿ ಮಾ ಹುವಾಂಗ್, ಗಾನ್ ಚಾವೊ ಅಂತ ಇದೆ. ಇನ್ನು ಇನ್ಹೇಲರ್ ಕಡಿಮೆ ಮಾಡಲಾ ಅಂತ ಅಮ್ಮ ಕೇಳುತ್ತಿದ್ದಾರೆ. ಏನು ಹೇಳಲಿ?

ಮಾತ್ರೆಡಬ್ಬಿ:
ಇನ್ಹೇಲರ್ ಮುಟ್ಟಬೇಡಿ, ಅದು ಹಾಗೇ ನಡೆಯಲಿ. ನಾನು ಫಾರ್ಮಸಿಸ್ಟ್. ಮಾ ಹುವಾಂಗ್ ಅಂದರೆ ಎಫೆಡ್ರಾ ಗಿಡ, ಅದರೊಳಗಿರುವುದು ಎಫೆಡ್ರಿನ್. 1885ರಲ್ಲಿ ಜಪಾನಿನ ನಾಗಾಯಿ ನಾಗಾಯೋಶಿ ಇದನ್ನು ಬೇರ್ಪಡಿಸಿದರು, ಆಮೇಲೆ ಎಷ್ಟೋ ವರ್ಷ ಇಂಗ್ಲಿಷ್ ಔಷಧಿಯಲ್ಲೂ ಉಬ್ಬಸಕ್ಕೆ ಇದನ್ನೇ ಕೊಡುತ್ತಿದ್ದರು. ಹಾಗಾಗಿ ಅಮ್ಮನಿಗೆ ಸಲೀಸಾಗಿದ್ದು ಭ್ರಮೆಯಲ್ಲ. ಆದರೆ ಅದು ಶ್ವಾಸನಾಳ ಹಿಗ್ಗಿಸುವಾಗಲೇ ಹೃದಯವನ್ನೂ ಓಡಿಸುತ್ತದೆ, ಬಿಪಿ ಏರಿಸುತ್ತದೆ. ಉಸಿರು ಕಟ್ಟಿದಾಗ ತಕ್ಷಣಕ್ಕೆ ಎಳೆಯುವ ಪಫ್‌ನಲ್ಲಿರುವ ಸಾಲ್ಬುಟಮಾಲ್ ಬಂದ ಮೇಲೆ ಅದು ಹಿಂದೆ ಬಿದ್ದದ್ದು ಸುಮ್ನೆ ಅಲ್ಲ. ಅಮೆರಿಕದಲ್ಲಿ 2004ರಿಂದ ಎಫೆಡ್ರಾ ಇರುವ ಪೂರಕಗಳಿಗೆ ನಿಷೇಧವೇ ಇದೆ. ನಾಳದೊಳಗಿನ ಊತ ಇಳಿಸೋದು ಎಫೆಡ್ರಿನ್ ಅಲ್ಲ, ಇನ್ಹೇಲರಿನ ಸ್ಟೀರಾಯ್ಡ್.

ಗಾನ್ ಚಾವೊ ಅಂದರೆ ಜ್ಯೇಷ್ಠಮಧುವಿನ ಜಾತಿ. ಜಾಸ್ತಿ ದಿನ ತೆಗೆದುಕೊಂಡರೆ ಮೈಯಲ್ಲಿ ಉಪ್ಪು ನೀರು ನಿಲ್ಲುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಸಾಲ್ಬುಟಮಾಲ್, ಪ್ರೆಡ್ನಿಸೊಲೋನ್ ಕೂಡ ಅದನ್ನೇ ಇಳಿಸುವಂಥವು. ಎಲ್ಲ ಸೇರಿದರೆ ಎದೆಬಡಿತ ತಾಳ ತಪ್ಪಬಹುದು. ಪುಡಿ ನಿಲ್ಲಿಸಿ, ಬಿಪಿ, ಇಸಿಜಿ, ಪೊಟ್ಯಾಸಿಯಂ ನೋಡಿಸಿ.

ಹಳೇಪುಟ:
ಮೇಲಿನವರು ಹೇಳಿದ್ದು ಸರಿ, ಆದರೆ ಚೀನೀ ಔಷಧಿ ಅಂದ ತಕ್ಷಣ ಎಲ್ಲ ಬುರುಡೆ ಅಂದುಕೊಳ್ಳಬೇಡಿ. ಲಿಂಗ್ ಝಿ ಅಣಬೆ, ಕು ಶೆನ್ ಬೇರು, ಇದೇ ಗಾನ್ ಚಾವೊ, ಈ ಮೂರನ್ನು ಸೇರಿಸಿ ಆಶ್ಮಿ ಅಂತ ಒಂದು ಔಷಧಿ ಮಾಡಿದ್ದಾರೆ. 2005ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 91 ಜನರಿಗೆ ನಾಲ್ಕು ವಾರ ಪರೀಕ್ಷೆ ಮಾಡಿ ಪ್ರೆಡ್ನಿಸೋನ್ ಅನ್ನುವ ಸ್ಟೀರಾಯ್ಡ್ ಮಾತ್ರೆ ಜೊತೆ ಹೋಲಿಸಿದರು. ಎರಡೂ ಕಡೆ ಶ್ವಾಸಕೋಶ ಸುಧಾರಿಸಿತು, ಪ್ರೆಡ್ನಿಸೋನ್ ಸ್ವಲ್ಪ ಮುಂದೆ. ಗಿಡಮೂಲಿಕೆ ತೆಗೆದುಕೊಂಡವರಲ್ಲಿ ಮೈ ತಾನೇ ಮಾಡಿಕೊಳ್ಳುವ ಸ್ಟೀರಾಯ್ಡ್, ಅಂದರೆ ಕಾರ್ಟಿಸಾಲ್, ಪ್ರೆಡ್ನಿಸೋನಿನವರಲ್ಲಿ ಆದಂತೆ ಕುಗ್ಗಲಿಲ್ಲ. ಆದರೆ ಅದು ಅಳತೆ ಗೊತ್ತಿದ್ದ ಔಷಧಿ, ಅದೂ ನಾಲ್ಕೇ ವಾರ. ನಿಮ್ಮ ಪ್ಯಾಕೆಟ್ಟಿನಲ್ಲಿ ಎಷ್ಟು ಏನಿದೆ ಅಂತ ಯಾರಿಗೆ ಗೊತ್ತು?

ಎರಡನೇಉಸಿರು:
ಪುಡಿ ನಿಲ್ಲಿಸಿ ಸುಮ್ಮನಿರಬೇಡಿ, ಪ್ಯಾಕೆಟ್ ಸಮೇತ ಇವತ್ತೇ ಡಾಕ್ಟರ ಹತ್ತಿರ ಹೋಗಿ. ಇಂಥ ಕೆಲವು ಪುಡಿಗಳಲ್ಲಿ ಕದ್ದು ಡೆಕ್ಸಾಮೆಥಾಸೋನ್ ಅನ್ನುವ ಸ್ಟೀರಾಯ್ಡ್ ಬೆರೆಸಿದ್ದು ಪತ್ತೆಯಾಗಿದೆ. ಸ್ಟೀರಾಯ್ಡ್ ತುಂಬಾ ದಿನ ಹೋಗಿದ್ದರೆ ದಿಢೀರ್ ನಿಲ್ಲಿಸೋದೂ ಅಪಾಯ.

ಇನ್ನೊಂದು, ಅಮ್ಮ ಪಫ್ ಹೇಗೆ ಎಳೆಯುತ್ತಾರೆ ಅಂತ ಒಮ್ಮೆ ಎದುರು ಕೂತು ನೋಡಿ. ನನಗೂ ಆರು ವರ್ಷ 'ಕಷ್ಟದ ಆಸ್ತಮಾ' ಅನ್ನುತ್ತಿದ್ದರು. ಕೊನೆಗೆ ಒಬ್ಬ ನರ್ಸ್ ನನ್ನ ಕೈಯಲ್ಲೇ ತೆಗೆದುಕೊಳ್ಳಿಸಿ ನೋಡಿದಾಗ ತುಟಿಯ ಅಂಚಿನಿಂದ ಬಿಳಿ ಹೊಗೆ ಹೊರಗೆ ಬರುತ್ತಿತ್ತು! ಅರ್ಧ ಔಷಧಿ ಗಾಳಿಗೆ, ಉಳಿದದ್ದು ನಾಲಿಗೆಗೆ. ಸ್ಪೇಸರ್ (ಇನ್ಹೇಲರ್ ಬಾಯಿಗೆ ಸಿಕ್ಕಿಸುವ ಡಬ್ಬ) ಹಾಕಿದ ಮೇಲೆ ರಾತ್ರಿ ಏಳೋದು ಎಷ್ಟೋ ಕಮ್ಮಿಯಾಯಿತು. ಹುಳಿತೇಗೂ ಉಬ್ಬಸ ಕೆರಳಿಸುತ್ತದಂತೆ, ಅದಕ್ಕೂ ಮಾತ್ರೆ ಕೊಟ್ಟರು. ಅಷ್ಟಕ್ಕೂ ಬಗ್ಗದಿದ್ದರೆ ರಕ್ತದಲ್ಲಿ ಅಲರ್ಜಿಯ ಸುಳಿವು ಕೊಡುವ ಇಯೋಸಿನೋಫಿಲ್ ಕಣ, ಐಜಿಇ ಮಟ್ಟ ನೋಡಿ ಒಮಾಲಿಜುಮ್ಯಾಬ್, ಮೆಪೊಲಿಜುಮ್ಯಾಬ್ ಥರದ ಇಂಜೆಕ್ಷನ್ ಇವೆ, ಕೇಳಿ ನೋಡಿ.

ಗುಬ್ಬಿಮರಿ:
ಹೋಗಿಬಂದೆವು. ಪೊಟ್ಯಾಸಿಯಂ 3.1, ಅಂದರೆ ಕಮ್ಮಿಯೇ, ಇಸಿಜಿ ಪರವಾಗಿಲ್ಲ. ಡಾಕ್ಟರು ಪ್ಯಾಕೆಟ್ಟಿನ ಫೋಟೊ ತೆಗೆದುಕೊಂಡರು, ಬೈದರು, ಅದೂ ಅಮ್ಮನಿಗಲ್ಲ ನನಗೆ. ಪಫ್ ವಿಷಯ ನೀವು ಹೇಳಿದ್ದೇ ನಿಜ, ಅಮ್ಮ ಮೊದಲು ಉಸಿರೆಳೆದು ಮುಗಿಸಿ ಆಮೇಲೆ ಒತ್ತುತ್ತಿದ್ದರು! ಈಗ ಸ್ಪೇಸರ್ ಬಂದಿದೆ. ಅದಕ್ಕೂ ಜಗಳ, ಇಷ್ಟು ದೊಡ್ಡ ಡಬ್ಬ ನನ್ನ ಕೈಚೀಲಕ್ಕೆ ಹಿಡಿಸಲ್ಲ ಅಂತ.